ನೀರಗಂಟಿಗೆ ಶಾಕ್ ಹೊಡೆದರೆ ಹೊಣೆ ಯಾರದು? ಪಂಚಾಯತಿ, ಪುರಸಭೆಯಲ್ಲಿ ಇರುವವರು ದಯವಿಟ್ಟು ಹೇಳಿ

ಪಿಡಿಒ ಕಷ್ಟಸುಖ

ಎಲ್ಲರಿಗೂ ನಮಸ್ಕಾರ. ನಾನು ಒಂದು ಗ್ರಾಮ ಪಂಚಾಯತಿಯ ಪಿಡಿಒ, ಅಂದರೆ ಪಂಚಾಯತಿ ಅಭಿವೃದ್ಧಿ ಅಧಿಕಾರಿ. ಜಿಲ್ಲೆ, ತಾಲ್ಲೂಕು ಕೇಳಬೇಡಿ.

ಹೋದ ಆಗಸ್ಟ್‌ನಲ್ಲಿ, ಅಂದರೆ 2025ರ ಮಳೆಗಾಲದಲ್ಲಿ, ನಮ್ಮ ನೀರಗಂಟಿ ಒಬ್ಬರಿಗೆ ಪಂಪ್‌ಹೌಸ್‌ನಲ್ಲಿ ಶಾಕ್ ಹೊಡೆಯಿತು. ಬೆಳಗಿನ ಜಾವ ನಾಲ್ಕೂವರೆ. ತ್ರೀಫೇಸ್ ಬಂದಿದೆ ಅಂತ ಮೋಟಾರ್ ಹಾಕಲು ಹೋದವರು. ಚಾವಣಿ ಸೋರಿ ಪ್ಯಾನಲ್ ಬೋರ್ಡ್ ಒದ್ದೆಯಾಗಿತ್ತು. ಜೀವ ಉಳಿಯಿತು, ಆದರೆ ಬಲಗೈಯ ಎರಡು ಬೆರಳು ತೆಗೆಯಬೇಕಾಯಿತು. ವಯಸ್ಸು 45. ಆಸ್ಪತ್ರೆ ಬಿಲ್ 1 ಲಕ್ಷ 38 ಸಾವಿರ. ಅವರ ಹೆಂಡತಿ ಒಡವೆ ಅಡವಿಟ್ಟು ಕಟ್ಟಿದ್ದಾರೆ.

ಈಗ ಆರು ತಿಂಗಳಾಯಿತು. ಕೇಳಿದರೆ ಮೇಲಿನವರು "ಇದಕ್ಕೆ ಲೆಕ್ಕ ಶೀರ್ಷಿಕೆ ಇಲ್ಲ, ನಿಮ್ಮ ಮಟ್ಟದಲ್ಲೇ ನೋಡಿಕೊಳ್ಳಿ" ಅಂತಾರೆ. ಒಬ್ಬ ಸದಸ್ಯರು "ಅವನು ಕುಡಿದಿದ್ದ, ಒಂದು ಪೈಸೆ ಕೊಡಬೇಡಿ" ಅಂತಾರೆ. ನಾನು ದುಡ್ಡು ಕೊಟ್ಟರೆ ಆಡಿಟ್‌ನಲ್ಲಿ ಆಕ್ಷೇಪಣೆಯ ಪ್ಯಾರಾ ಬೀಳುತ್ತದೆ, ಕೊಡದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ.

ಎರಡು ಪ್ರಶ್ನೆ. ಕಾನೂನು ಪ್ರಕಾರ ಯಾರು ಕೊಡಬೇಕು? ಮುಂದೆ ಇಂಥದ್ದು ಆದಾಗ ಪಂಚಾಯತಿ ಮತ್ತು ಪಿಡಿಒ ಹೊಣೆಯಿಂದ ತಪ್ಪಿಸಿಕೊಳ್ಳಲು ಏನು ಮಾಡಬೇಕು?

ಬಯಲುಸೀಮೆ

ಮೊದಲನೇ ಪ್ರಶ್ನೆ ಸರಿ ಇದೆ ಸರ್. ಎರಡನೆಯದು ಓದಿ ಮೈ ಉರಿಯಿತು. ಬೆರಳು ಹೋದದ್ದು ಅವರದು, ತಪ್ಪಿಸಿಕೊಳ್ಳುವ ಯೋಚನೆ ನಿಮ್ಮದು. ಸೋರುವ ಚಾವಣಿ ಆಗಸ್ಟ್‌ಗೆ ಮೊದಲು ಕಂಡಿರಲಿಲ್ಲವಾ?

ಪಿಡಿಒ ಕಷ್ಟಸುಖ

ಮಾತು ತಪ್ಪಾಗಿ ಬಂತು, ಒಪ್ಪುತ್ತೇನೆ. ತಪ್ಪಿಸಿಕೊಳ್ಳಲು ಅಲ್ಲ, ಅಂಥದ್ದು ಆಗದ ಹಾಗೆ ನೋಡಿಕೊಳ್ಳಲು. ಚಾವಣಿ ಕಂಡಿತ್ತು. ಕ್ರಿಯಾಯೋಜನೆಯಲ್ಲಿ ಎರಡು ಸಲ ಸೇರಿಸಿದ್ದೆ, ಎರಡು ಸಲವೂ ಆ ದುಡ್ಡು ಸಿಸಿ ರಸ್ತೆಗೆ ಹೋಯಿತು. ರಸ್ತೆ ಎಲ್ಲರಿಗೂ ಕಾಣುತ್ತದೆ. ಪಂಪ್‌ಹೌಸ್ ಚಾವಣಿ ನೀರಗಂಟಿಗೆ ಮಾತ್ರ ಕಾಣುತ್ತದೆ.

ಕರಿಕೋಟು

ವಕೀಲ. ಇಂಥ ಕೇಸು ಎರಡೂ ಕಡೆಯಿಂದ ನಡೆಸಿದ್ದೇನೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಕೊಡಬೇಕಾದದ್ದು ಮಾಲೀಕ. ಇಲ್ಲಿ ಮಾಲೀಕ ಅಂದರೆ ಗ್ರಾಮ ಪಂಚಾಯತಿ. 1923ರ ಉದ್ಯೋಗಿಗಳ ಪರಿಹಾರ ಕಾಯ್ದೆಯಲ್ಲಿ "ಮಾಲೀಕರ ತಪ್ಪಿತ್ತಾ" ಅನ್ನುವ ಪ್ರಶ್ನೆಯೇ ಬರುವುದಿಲ್ಲ. ಕೆಲಸದಿಂದ, ಕೆಲಸದ ವೇಳೆಯಲ್ಲಿ ಏಟಾಯಿತಾ, ಅಷ್ಟೇ. ಪೈಪ್‌ಲೈನ್ ಕೆಲಸ, ಒಳಚರಂಡಿ ಕೆಲಸ ಎರಡೂ ಆ ಕಾಯ್ದೆಯ ಪಟ್ಟಿಯಲ್ಲಿವೆ.

ಲೆಕ್ಕ ಹೇಳುತ್ತೇನೆ. ಸಂಬಳ ಎಷ್ಟೇ ಇರಲಿ, ತಿಂಗಳಿಗೆ 15,000ದವರೆಗೆ ಮಾತ್ರ ಪರಿಗಣಿಸುತ್ತಾರೆ. ಅದರ ಶೇ 60, ಅಂದರೆ 9,000. ಇದನ್ನು ವಯಸ್ಸಿನ ಅಂಶದಿಂದ ಗುಣಿಸಬೇಕು, 45ಕ್ಕೆ 169.44. ಬಂದದ್ದು 15,24,960. ಒಂದು ಕೈಯ ಎರಡು ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇ 20 ನಷ್ಟ ಅಂತ ಕಾಯ್ದೆಯಲ್ಲೇ ಬರೆದಿದೆ. ಆಗ 3,04,992 ರೂಪಾಯಿ. ಅದರ ಮೇಲೆ ಆಸ್ಪತ್ರೆಗೆ ನಿಜವಾಗಿ ಎಷ್ಟು ಖರ್ಚಾಗಿದೆಯೋ ಅಷ್ಟೂ. ಇದು 2009ರ ತಿದ್ದುಪಡಿಯಿಂದ ಬಂದದ್ದು, ಬಹಳ ಪಂಚಾಯತಿಗಳಿಗೆ ಗೊತ್ತೇ ಇಲ್ಲ.

ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ 12 ಬಡ್ಡಿ. ನಿಮ್ಮ ಲೆಕ್ಕದಲ್ಲಿ ತಿಂಗಳಿಗೆ ಮೂರು ಸಾವಿರ ಚಿಲ್ಲರೆ ಬೆಳೆಯುತ್ತಿದೆ. ತಡಕ್ಕೆ ಸರಿಯಾದ ಕಾರಣ ಇಲ್ಲದಿದ್ದರೆ ಶೇ 50ರವರೆಗೆ ದಂಡವೂ ಹಾಕಬಹುದು. ಲೆಕ್ಕ ಶೀರ್ಷಿಕೆ ಇಲ್ಲ ಅನ್ನುವುದು ಸರಿಯಾದ ಕಾರಣ ಅಲ್ಲ.

ಹಳೇ ಕಡತ

ವಕೀಲರೇ, 1923ರ ಕಾಯ್ದೆ ಈಗ ಎಲ್ಲಿದೆ? ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವಲ್ಲ. ಅಪ್‌ಡೇಟ್ ಆಗಿ ಸ್ವಾಮಿ.

ಕರಿಕೋಟು

ಆಗಿದ್ದೇನೆ ಸ್ವಾಮಿ. ಸಂಹಿತೆಗಳು ಜಾರಿಗೆ ಬಂದದ್ದು 2025ರ ನವೆಂಬರ್ 21ಕ್ಕೆ. ಈ ಅಪಘಾತ ಆಗಸ್ಟ್‌ನಲ್ಲಿ ಆದದ್ದು. ಹಾಗಾಗಿ ಹಳೆಯ ಕಾಯ್ದೆಯ ಲೆಕ್ಕ ಹೇಳಿದೆ. ಇನ್ನು ಮುಂದಿನ ಅಪಘಾತಗಳಿಗೆ ಸಾಮಾಜಿಕ ಭದ್ರತಾ ಸಂಹಿತೆಯ ಪರಿಹಾರದ ಅಧ್ಯಾಯ ನೋಡಬೇಕು. ತಿರುಳು ಅದೇ, ಮಾಲೀಕನೇ ಕೊಡಬೇಕು. ಒಂದು ಹೊಸ ವಿಷಯ: ಮನೆಯಿಂದ ಕೆಲಸಕ್ಕೆ ಬರುವ ದಾರಿಯಲ್ಲಿ ಆದ ಅಪಘಾತವೂ, ಕೆಲಸಕ್ಕೆ ಸಂಬಂಧ ಇದ್ದರೆ, ಕೆಲಸದ ಅಪಘಾತ ಅಂತ ಸಂಹಿತೆಯಲ್ಲೇ ಬರೆದಿದೆ. ನಾಲ್ಕು ಗಂಟೆ ಕತ್ತಲಲ್ಲಿ ಟಿವಿಎಸ್ ಗಾಡಿಯಲ್ಲಿ ಬೋರ್‌ವೆಲ್ ಕಡೆ ಹೋಗುವವರಿಗೆ ಇದು ಸಣ್ಣ ವಿಷಯ ಅಲ್ಲ.

ಹಳೇ ಕಡತ

ಸರಿ. ವಾಪಸ್ ತಗೊಂಡೆ.

ವಾಲ್ವ್ ತಿರುಗಿಸೋನು

ನಾನೇ ನೀರಗಂಟಿ. 14 ವರ್ಷ ಆಯಿತು. ನನಗೆ ಏಳು ಬೋರ್, ಎರಡು ಟ್ಯಾಂಕ್, 22 ವಾಲ್ವ್. ಶಾಕ್ ಹೊಡೆಯುವುದು ನಮಗೆ ಸುದ್ದಿಯೇ ಅಲ್ಲ. ಸ್ಟಾರ್ಟರ್ ಬಟನ್ ಒತ್ತಲು ಒಂದು ಬೇವಿನ ಕೋಲು ಇಟ್ಟುಕೊಂಡಿದ್ದೇನೆ, ಬೆರಳಲ್ಲಿ ಒತ್ತುವುದು ಬಿಟ್ಟು ಎಷ್ಟೋ ವರ್ಷ ಆಯಿತು. ಮಳೆ ಬಂದರೆ ಕೋಲೂ ಒದ್ದೆ. ಆಗ ಕೋಲಿಗೆ ಗೊಬ್ಬರದ ಪ್ಲಾಸ್ಟಿಕ್ ಚೀಲ ಸುತ್ತುತ್ತೇನೆ.

ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್‌ನಲ್ಲಿ ಫ್ಯೂಸ್ ಹೋದರೆ ಲೈನ್‌ಮನ್ ಬರುವ ತನಕ ಊರು ಕಾಯುವುದಿಲ್ಲ. "ನೀನೇ ಹತ್ತಿ ಹಾಕೋ, ಎಷ್ಟು ಸಲ ಹಾಕಿಲ್ಲ" ಅಂತಾರೆ. ಹತ್ತಿದ್ದೇನೆ. ಸುಳ್ಳು ಯಾಕೆ ಹೇಳಲಿ.

ಕುಡಿದಿದ್ದ ಅಂತ ಹೇಳಿದ ಆ ಸದಸ್ಯರನ್ನು ಒಂದು ದಿನ ಬೆಳಗ್ಗೆ ನಾಲ್ಕಕ್ಕೆ ನಮ್ಮ ಜೊತೆ ಕಳಿಸಿ ಸರ್. ಚಹಾ ನಾನೇ ಕುಡಿಸುತ್ತೇನೆ.

11 ಕೆವಿ

ಅಣ್ಣ, ದಯವಿಟ್ಟು ಟಿಸಿ ಹತ್ತಬೇಡಿ. ನಾನು ಲೈನ್‌ಮನ್. ನಾವು ಕೂಡ ಎಲ್‌ಸಿ (ಲೈನ್ ಬಂದ್ ಮಾಡಿದ ಅನುಮತಿ) ತಗೊಳ್ಳದೆ, ಅರ್ಥ್ ಮಾಡದೆ ಕೈ ಹಾಕುವುದಿಲ್ಲ. ಕೆಳಗೆ ಸ್ವಿಚ್ ಆಫ್ ಇದ್ದರೂ ಯಾರದೋ ಮನೆಯ ಜನರೇಟರ್‌ನಿಂದ ವಾಪಸ್ ಕರೆಂಟ್ ಬಂದು ಸತ್ತವರಿದ್ದಾರೆ. ಟಿಸಿ ನಿಮ್ಮ ಕೆಲಸವೇ ಅಲ್ಲ. ಯಾರೇ ಹೇಳಿದರೂ ಆಗಲ್ಲ ಅನ್ನಿ.

ವಾಲ್ವ್ ತಿರುಗಿಸೋನು

ಆಗಲ್ಲ ಅಂದರೆ ಮುಂದಿನ ತಿಂಗಳ ಸಂಬಳಕ್ಕೆ ನೀವು ಬಂದು ಹೇಳ್ತೀರಾ ಅಣ್ಣ?

ನಿವೃತ್ತ ಎಇಇ

ಕುಡಿದ ವಿಷಯಕ್ಕೆ ಬರೋಣ. ಕುಡಿದಿದ್ದರೆ ಪರಿಹಾರ ಇಲ್ಲ ಅಂತ ಕಾಯ್ದೆಯಲ್ಲೇ ಇದೆಯಲ್ಲ?

ಕರಿಕೋಟು

ಅರ್ಧ ಸತ್ಯ. ಮೂರು ವಿನಾಯಿತಿ ಇವೆ. ಅಮಲಿನಿಂದ ನೇರವಾಗಿ ಆದ ಏಟು. ಸುರಕ್ಷತೆಗೆ ಅಂತಲೇ ಮಾಡಿದ ನಿಯಮವನ್ನು ಬೇಕಂತಲೇ ಮುರಿದದ್ದು. ಸುರಕ್ಷತಾ ಸಾಧನವನ್ನು ಬೇಕಂತಲೇ ತೆಗೆದದ್ದು. ಆದರೆ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಆದರೆ ಈ ಮೂರೂ ನಡೆಯುವುದಿಲ್ಲ. ಕುಡಿದಿದ್ದರೂ ಕೊಡಲೇಬೇಕು.

ಈ ಕೇಸಿನಲ್ಲಿ ಬೆರಳು ಹೋಗಿದೆ, ಸಾವಾಗಿಲ್ಲ, ಹಾಗಾಗಿ ವಾದ ಮಾಡಬಹುದು. ಆದರೆ ಒದ್ದೆ ಪ್ಯಾನಲ್ ಮುಂದೆ ಆ ವಾದ ನಿಲ್ಲುತ್ತದಾ? ಆಸ್ಪತ್ರೆಯ ಕೇಸ್ ಶೀಟ್‌ನಲ್ಲಿ ಅಮಲಿನ ಬಗ್ಗೆ ಏನಾದರೂ ಬರೆದಿದ್ದಾರಾ ಮೊದಲು ನೋಡಿ. ಎರಡನೇ ವಿನಾಯಿತಿ ಇನ್ನೂ ಮಜಾ. "ನಿಯಮ ಮುರಿದ" ಅನ್ನಬೇಕಾದರೆ ನಿಯಮ ಇರಬೇಕಲ್ಲ? ಪಿಡಿಒ ಸರ್, ನಿಮ್ಮ ಪಂಚಾಯತಿಯಲ್ಲಿ ಪಂಪ್‌ಹೌಸ್ ಬಗ್ಗೆ ಲಿಖಿತವಾಗಿ ಒಂದು ಸಾಲು ಸೂಚನೆ ಇದೆಯಾ?

ಪಿಡಿಒ ಕಷ್ಟಸುಖ

ಇಲ್ಲ. ಎಲ್ಲಾ ಫೋನ್‌ನಲ್ಲೇ. ಕೇಸ್ ಶೀಟ್ ತರಿಸಿ ನೋಡಿದೆ, ಅಮಲಿನ ಮಾತೇ ಇಲ್ಲ.

ಮಾಜಿ ಅಧ್ಯಕ್ಷೆ

ನಾನು ಒಂದು ಅವಧಿಗೆ ಅಧ್ಯಕ್ಷೆ ಆಗಿದ್ದೆ. ಫೋನ್‌ನಲ್ಲೇ ಅನ್ನುವುದು ನೂರಕ್ಕೆ ನೂರು ನಿಜ. ನಾನೂ ಹಾಗೇ ಹೇಳುತ್ತಿದ್ದೆ. "ಸ್ವಲ್ಪ ನೋಡಪ್ಪಾ, ಹಬ್ಬ ಇದೆ, ಹೆಂಗಾದರೂ ಮಾಡಿ ನೀರು ಬಿಡು." ಆ "ಹೆಂಗಾದರೂ" ಇದೆಯಲ್ಲ, ಅದರಲ್ಲೇ ಎಲ್ಲಾ ಇದೆ. ಅವನು ಟಿಸಿ ಹತ್ತುತ್ತಾನೆ ಅಂತ ನನಗೆ ಗೊತ್ತಿತ್ತಾ? ಗೊತ್ತಿತ್ತು. ಕೇಳಲಿಲ್ಲ, ಅಷ್ಟೇ.

ಒಂದು ದಿನ ನಮ್ಮ ನೀರಗಂಟಿ ಜ್ವರ ಬಂದು ಮಲಗಿದ್ದ. ಅವನ ಮಗ, ಪಿಯುಸಿ ಓದುವ ಹುಡುಗ, ಬಂದು ಮೋಟಾರ್ ಹಾಕುತ್ತಿದ್ದ. ನಾನು "ಜಾಣ ಹುಡುಗ" ಅಂತ ಬೆನ್ನು ತಟ್ಟಿ ಬಂದೆ. ಈಗ ನೆನೆಸಿಕೊಂಡರೆ ಕೈ ನಡುಗುತ್ತದೆ.

ಕರಿಕೋಟು

ಮೇಡಂ, ನೀವು ಹೇಳಿದ ಬದಲಿ ವಿಷಯ ದೊಡ್ಡ ಬಾಂಬ್. ಮಗ ಹಾಜರಾತಿಯಲ್ಲಿಲ್ಲ, ವಿಮೆಯಲ್ಲಿಲ್ಲ, ಪಂಚಾಯತಿಯ ಪಂಚತಂತ್ರ ತಂತ್ರಾಂಶದಲ್ಲಿಲ್ಲ. ಆದರೆ ಅಧ್ಯಕ್ಷರೇ ನೋಡಿ ಸುಮ್ಮನಿದ್ದರು ಅಂದರೆ ಪಂಚಾಯತಿ ಒಪ್ಪಿ ಕೆಲಸ ಮಾಡಿಸಿದೆ ಅಂತ ವಾದಿಸಲು ಸಾಕು. ಪ್ರತಿ ಪಂಚಾಯತಿಯಲ್ಲಿ ರಜೆ ಬದಲಿಗೆ ಇನ್ನೊಬ್ಬ ನೀರಗಂಟಿಯ ಹೆಸರು ಮೊದಲೇ ಬರೆದಿಡಬೇಕು.

ಲೀಡ್ಸ್ ಕನ್ನಡಿಗ

ನಾನು ಇಂಗ್ಲೆಂಡಿನಲ್ಲಿ ಒಂದು ಕೌನ್ಸಿಲ್‌ನ ರಸ್ತೆ ವಿಭಾಗದಲ್ಲಿದ್ದೇನೆ. ಇಲ್ಲಿನ ಒಂದು ಪದ್ಧತಿ ಹೇಳುತ್ತೇನೆ. ಗುಂಡಿಗೆ ಬಿದ್ದು ಕಾಲು ಮುರಿದವರು ಕೌನ್ಸಿಲ್ ಮೇಲೆ ಕೇಸು ಹಾಕುತ್ತಾರೆ. 1980ರ ಹೆದ್ದಾರಿ ಕಾಯ್ದೆಯ 58ನೇ ಸೆಕ್ಷನ್ ಪ್ರಕಾರ, ರಸ್ತೆಯನ್ನು ಸುರಕ್ಷಿತವಾಗಿಡಲು ಬೇಕಾದಷ್ಟು ಎಚ್ಚರ ವಹಿಸಿದ್ದೆವು ಅಂತ ಕೌನ್ಸಿಲ್ ತೋರಿಸಿದರೆ ಹೊಣೆ ಬರುವುದಿಲ್ಲ. ತೋರಿಸುವುದು ಹೇಗೆ? ತಪಾಸಣೆಯ ದಾಖಲೆಯಿಂದ. ಯಾವ ದಿನ ಯಾರು ನಡೆದು ನೋಡಿದರು, ಏನು ಕಂಡರು, ಯಾವಾಗ ಸರಿ ಮಾಡಿದರು. ದಾಖಲೆ ಇಲ್ಲದ ದಿನ ನಮ್ಮ ವಕೀಲರು ಕೋರ್ಟ್ ಮೆಟ್ಟಿಲು ಹತ್ತುವ ಮೊದಲೇ ರಾಜಿ ಮಾಡಿಕೊಳ್ಳುತ್ತಾರೆ. ನಾನು ವಾರದಲ್ಲಿ ಮೂರು ದಿನ ಬರೀ ಫುಟ್‌ಪಾತ್ ನೋಡಿಕೊಂಡು ನಡೆಯುತ್ತೇನೆ. ಅಮ್ಮ ಫೋನ್ ಮಾಡಿದಾಗೆಲ್ಲ "ಇಷ್ಟು ಓದಿಸಿದ್ದು ನೆಲ ನೋಡೋಕಾ" ಅಂತಾರೆ.

ಬಯಲುಸೀಮೆ

ಲೀಡ್ಸ್ ಅಣ್ಣ, ಇಲ್ಲೂ ಒಬ್ಬರು ನೆಲ ನೋಡುತ್ತಾ ನಡೆಯಬೇಕಿತ್ತು. ನಮ್ಮ ಊರಲ್ಲಿ ನೆಲ ನೋಡುವುದು ಬೀಳುವವರು ಮಾತ್ರ.

ಹಳೇ ಕಡತ

ಗುಂಡಿ ವಿಷಯ ಬಂತು ಅಂತ ಹೇಳುತ್ತೇನೆ. 2025ರ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟ್, ಗುಂಡಿಯಿಂದ ಸತ್ತರೆ ಮನೆಯವರಿಗೆ 6 ಲಕ್ಷ, ಏಟಾದರೆ 50 ಸಾವಿರದಿಂದ ಎರಡೂವರೆ ಲಕ್ಷದವರೆಗೆ ಅಂತ ಹೇಳಿತು. ನಾಯಿ ಕಡಿತಕ್ಕೆ 2023ರಲ್ಲಿ ಪಂಜಾಬ್ ಹರಿಯಾಣ ಹೈಕೋರ್ಟ್ ಒಂದೊಂದು ಹಲ್ಲಿನ ಗುರುತಿಗೆ ಕನಿಷ್ಠ 10 ಸಾವಿರ ಅಂದಿತು.

ಬಯಲುಸೀಮೆ

ಹಲ್ಲು ಎಣಿಸುವ ಹುದ್ದೆಗೆ ನೋಟಿಫಿಕೇಶನ್ ಯಾವಾಗ?

ಹಳೇ ಕಡತ

ಬಂದರೆ ಹೊರಗುತ್ತಿಗೆಯಲ್ಲೇ ಬರುತ್ತದೆ, ಸಂಬಳ ಮೂರು ತಿಂಗಳಿಗೊಮ್ಮೆ.

ನಿವೃತ್ತ ಎಇಇ

ತಮಾಷೆ ಸಾಕು. ನಾನು ಟ್ಯಾಂಕ್‌ಗಳ ಬಗ್ಗೆ ಹೇಳಲೇಬೇಕು. ದೆಹಲಿಯ ಚಾಂದನಿ ಚೌಕದಲ್ಲಿ ಗಡಿಯಾರ ಗೋಪುರ ಬಿದ್ದು ಜನ ಸತ್ತರು. ಗೋಪುರಕ್ಕೆ ಸುಮಾರು 80 ವರ್ಷ ಆಗಿತ್ತು. "ಒಳಗಿನ ದೋಷ ನಮಗೆ ಹೊರಗೆ ಕಾಣಲಿಲ್ಲ" ಅಂತ ಪಾಲಿಕೆ ವಾದ ಮಾಡಿತು. 1966ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ರಸ್ತೆ ಪಕ್ಕದ ಹಳೆಯ ಕಟ್ಟಡದ ಮಾಲೀಕ ಆಗಾಗ ತಪಾಸಣೆ ಮಾಡಿಸಲೇಬೇಕು, ಕಾಣಲಿಲ್ಲ ಅನ್ನುವುದು ಉತ್ತರ ಅಲ್ಲ ಅಂದಿತು.

ಈಗ ನಿಮ್ಮ ನಿಮ್ಮ ಊರಿನ ಓವರ್‌ಹೆಡ್ ಟ್ಯಾಂಕ್ ನೋಡಿ ಬನ್ನಿ. ಕಂಬದ ಸಿಮೆಂಟ್ ಉದುರಿ ಕಬ್ಬಿಣ ತುಕ್ಕು ಹಿಡಿದಿರುತ್ತದೆ. ಕೆಳಗೆ ಅಂಗನವಾಡಿ, ಇಲ್ಲವಾದರೆ ಸಂತೆ. ನಾನು ಸೇವೆಯಲ್ಲಿದ್ದಾಗ ಇಂಥ ಒಂದು ಟ್ಯಾಂಕ್ ಬಗ್ಗೆ ನಾಲ್ಕು ಪತ್ರ ಬರೆದೆ. ಟ್ಯಾಂಕ್ ಬೀಳಲಿಲ್ಲ, ನಾನು ನಿವೃತ್ತನಾದೆ. ಅದು ಇನ್ನೂ ನಿಂತಿದೆ, ಮೊನ್ನೆ ಬಣ್ಣ ಹೊಡೆದಿದ್ದಾರೆ.

ಹಳ್ಳಿ ಡಾಟಾ ಎಂಟ್ರಿ

ನೀರಿನ ಗುಣಮಟ್ಟದ್ದೂ ಇದೇ ಕಥೆ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತ ಮೇಲೆ ಅಧಿಕಾರಿಗಳು ಅಮಾನತಾದರು. ಆವಾಗಿಂದ ನಮ್ಮಲ್ಲಿ ಟ್ಯಾಂಕ್ ಮೇಲೆ ತೊಳೆದ ದಿನಾಂಕ ಬರೆಯುವುದು ಜೋರಾಯಿತು. ದಿನಾಂಕ ಬರೆಯುವುದು ಜೋರಾಯಿತು ಅಂದೆ, ತೊಳೆಯುವುದು ಅಂದಿಲ್ಲ. ಕ್ಲೋರಿನ್ ಪರೀಕ್ಷೆಯ ಪುಸ್ತಕ ತೆಗೆದು ನೋಡಿದರೆ ವರ್ಷ ಪೂರ್ತಿ 0.2, 0.2, 0.2. ಒಂದೇ ಪೆನ್ನು, ಒಂದೇ ಇಂಕು, ಒಂದೇ ಸಂಜೆ ಕೂತು ಬರೆದದ್ದು.

ಕರಿಕೋಟು

ಇದನ್ನು ಎಲ್ಲರೂ ಎರಡು ಸಲ ಓದಿ. ಸುಳ್ಳು ಪುಸ್ತಕ ಇರುವುದಕ್ಕಿಂತ ಪುಸ್ತಕ ಇಲ್ಲದಿರುವುದು ಮೇಲು. ಪುಸ್ತಕ ಇಲ್ಲದಿದ್ದರೆ ನಿರ್ಲಕ್ಷ್ಯ. ಸುಳ್ಳು ಪುಸ್ತಕ ಇದ್ದರೆ ದಾಖಲೆ ತಿದ್ದಿದ ಇನ್ನೊಂದು ಕೇಸು. ಈಗ ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ರಲ್ಲಿ 5 ವರ್ಷದವರೆಗೆ ಶಿಕ್ಷೆ. ಹಳೆಯ ಐಪಿಸಿಯಲ್ಲಿ 2 ವರ್ಷ ಇತ್ತು. ಪರಿಹಾರ ಪಂಚಾಯತಿ ಕೊಡುತ್ತದೆ ಸರಿ, ಜೈಲಿಗೆ ಪಂಚಾಯತಿ ಹೋಗುವುದಿಲ್ಲ.

ಆರೋಗ್ಯ ನಿರೀಕ್ಷಕ

ಪುರಸಭೆಯವನು ನಾನು. ನಮ್ಮಲ್ಲಿ ನೀರಿಗಿಂತ ಮಲಗುಂಡಿ ಭಯ. ಭಾನುವಾರ ಯಾರೋ ಮನೆಯವರು ನಮ್ಮ ಪೌರಕಾರ್ಮಿಕರನ್ನು ಕರೆದು "ಎರಡು ಸಾವಿರ ಕೊಡ್ತೀನಿ, ಸೆಪ್ಟಿಕ್ ಟ್ಯಾಂಕಿಗೆ ಸ್ವಲ್ಪ ಇಳಿ" ಅಂತಾರೆ. ಸಕ್ಕಿಂಗ್ ಗಾಡಿಗೆ ಅರ್ಜಿ ಹಾಕಿ ಕಾಯುವುದಕ್ಕೆ ಬೇಜಾರು. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಪ್ರಕಾರ ರಕ್ಷಣೆ ಇಲ್ಲದೆ ಇಳಿಸಿದರೆ ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಅದು ಮನೆ ಮಾಲೀಕರಿಗೂ ಅನ್ವಯ. ಸತ್ತರೆ ಪರಿಹಾರ 2014ರ ತೀರ್ಪಿನಲ್ಲಿ 10 ಲಕ್ಷ ಇತ್ತು, 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು 30 ಲಕ್ಷಕ್ಕೆ ಏರಿಸಿತು. ಶಾಶ್ವತ ಅಂಗವೈಕಲ್ಯಕ್ಕೆ 20 ಲಕ್ಷಕ್ಕೆ ಕಡಿಮೆ ಇಲ್ಲ.

ನಾನು ಮಾಡಿದ್ದು ಇಷ್ಟೇ. ಕಂದಾಯದ ರಸೀದಿ ಹಿಂದೆ "ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನು ಇಳಿಸಿದರೆ ಜೈಲಿಗೆ ಹೋಗುವವರು ನೀವು" ಅಂತ ಸೀಲ್ ಹೊಡೆಸಿದೆ. ಮುಖ್ಯಾಧಿಕಾರಿ ಮೊದಲು ಬೈದರು, ಭಾಷೆ ಒರಟು ಅಂತ. ಆದರೆ ಸಕ್ಕಿಂಗ್ ಗಾಡಿಗೆ ಬರುವ ಅರ್ಜಿ ಜಾಸ್ತಿ ಆಯಿತು.

ಗುತ್ತಿಗೆ ಗೋಪಾಲ

ಪಂಚಾಯತಿ, ಪುರಸಭೆ ಎಲ್ಲಾ ಹೊರಗುತ್ತಿಗೆ ಕೊಟ್ಟುಬಿಟ್ಟರೆ ತಲೆನೋವೇ ಇಲ್ಲವಲ್ಲ. ಏನೇ ಆದರೂ ಗುತ್ತಿಗೆದಾರ ನೋಡಿಕೊಳ್ಳುತ್ತಾನೆ. ಸುಮ್ನೆ ಯಾಕಿಷ್ಟು ಚರ್ಚೆ?

ಕರಿಕೋಟು

ಅದೇ ದೊಡ್ಡ ತಪ್ಪು ತಿಳಿವಳಿಕೆ. ಗುತ್ತಿಗೆಯವನ ಆಳಿಗೆ ಏಟಾದರೂ ಕೆಲಸ ಪಂಚಾಯತಿಯದೇ ಆಗಿದ್ದರೆ ಮೊದಲು ಪಂಚಾಯತಿಯೇ ಕೊಡಬೇಕು, ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬೇಕು. ವಸೂಲಿ ಮಾಡುವಷ್ಟರಲ್ಲಿ ಅವನ ಲೈಸೆನ್ಸ್ ಹೆಂಡತಿ ಹೆಸರಲ್ಲಿರುತ್ತದೆ, ಫೋನ್ ಸ್ವಿಚ್ ಆಫ್. ಟೆಂಡರ್ ಕೊಡುವಾಗಲೇ ಪರಿಹಾರ ವಿಮೆಯ ಪಾಲಿಸಿ, ಇಎಸ್‌ಐ ಕಟ್ಟಿದ ಚಲನ್ ತೋರಿಸದಿದ್ದರೆ ಬಿಲ್ ಪಾಸ್ ಮಾಡಬೇಡಿ. ಪಾಲಿಸಿ ಮೇಲೆ ಯಾರ ಹೆಸರು, ಎಷ್ಟು ಜನ, ಯಾವ ಕೆಲಸ ಅಂತ ಓದಿ. ನಾನೊಂದು ಕೇಸಿನಲ್ಲಿ ನೋಡಿದ ಪಾಲಿಸಿಯಲ್ಲಿ 40 ಜನ ಪೌರಕಾರ್ಮಿಕರ ಬದಲು "ಕಚೇರಿ ಸಿಬ್ಬಂದಿ 4" ಅಂತ ಇತ್ತು, ಪ್ರೀಮಿಯಂ ಕಡಿಮೆ ಆಗಲಿ ಅಂತ. ವಿಮಾ ಕಂಪನಿ ನಕ್ಕು ಕಳಿಸಿತು.

ಗುತ್ತಿಗೆ ಗೋಪಾಲ

ಎಲ್ಲಾ ಗುತ್ತಿಗೆದಾರರೂ ಹಾಗಲ್ಲ. ಬಿಲ್ ಎಂಟು ತಿಂಗಳು ಕೂರಿಸಿದರೆ ಇಎಸ್‌ಐ ಎಲ್ಲಿಂದ ಕಟ್ಟಲಿ? ಅದನ್ನೂ ಸ್ವಲ್ಪ ಬರೆಯಿರಿ.

ಆರೋಗ್ಯ ನಿರೀಕ್ಷಕ

ಅದು ನಿಜ. ಗೋಪಾಲರ ಮಾತಿಗೆ ನನ್ನ ಸಹಿ.

ಹಳ್ಳಿ ಡಾಟಾ ಎಂಟ್ರಿ

ಹೊಣೆ ಅಂದರೆ ಶಾಕು, ಗುಂಡಿ ಮಾತ್ರ ಅಲ್ಲ. ನಮ್ಮ ಕಚೇರಿಯಲ್ಲಿ ಗಂಡಸರು ಹನ್ನೊಂದು ಜನ, ನಾನೊಬ್ಬಳೇ ಹೆಂಗಸು. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇದ್ದರೆ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಲೇಬೇಕು, ಇಲ್ಲದಿದ್ದರೆ 50 ಸಾವಿರದವರೆಗೆ ದಂಡ. 2013ರ ಕಾಯ್ದೆ. ನಮ್ಮಲ್ಲಿ ಸಮಿತಿ ಕೇಳಿದರೆ "ನಿನಗೆ ಯಾರಮ್ಮಾ ತೊಂದರೆ ಕೊಡ್ತಾರೆ, ಎಲ್ಲಾ ನಿನ್ನ ಅಣ್ಣಂದಿರೇ" ಅಂದರು. ಅಣ್ಣಂದಿರಿಗೆ ಸಮಿತಿ ಕಂಡರೆ ಯಾಕೆ ಅಷ್ಟು ಭಯವೋ.

ಮಾಜಿ ಅಧ್ಯಕ್ಷೆ

ಬರೆದು ಅರ್ಜಿ ಕೊಡು ತಾಯಿ, ಸ್ವೀಕೃತಿ ಹಾಕಿಸಿಕೋ. ಮಾತಲ್ಲಿ ಕೇಳಿದರೆ ಮಾತಲ್ಲೇ ಮುಗಿಸುತ್ತಾರೆ. ನಾನು ಆ ಕಡೆ ಕೂತವಳು, ನನಗೆ ಗೊತ್ತು.

11 ಕೆವಿ

ಪಂಪ್‌ಹೌಸ್‌ಗೆ ವಾಪಸ್ ಬರೋಣ. ಪಿಡಿಒ ಸರ್, ದುಡ್ಡು ಕಡಿಮೆ ಇದ್ದರೂ ಆಗುವ ಕೆಲಸ ಹೇಳುತ್ತೇನೆ. ಮೊದಲು ಅರ್ಥಿಂಗ್. ಅದರ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವವರೇ ಇಲ್ಲ, ಒಣಗಿ ಬರೀ ಹೆಸರಿಗೆ ಇರುತ್ತದೆ. ಅರ್ಥ್ ಮೆಗ್ಗರ್ (ಅರ್ಥಿಂಗ್ ಅಳೆಯುವ ಉಪಕರಣ) ಹಿಡಿದು ಅಳತೆ ಮಾಡಿಸಿ ಬರೆದಿಡಿ. ಆಮೇಲೆ ಇಎಲ್‌ಸಿಬಿ, ಅಂದರೆ ಕರೆಂಟ್ ಲೀಕ್ ಆದರೆ ತಾನೇ ಲೈನ್ ಕಡಿಯುವ ಬ್ರೇಕರ್. ಪ್ಯಾನಲ್ ಮುಂದೆ ರಬ್ಬರ್ ಮ್ಯಾಟ್. ಬಾಗಿಲಿಗೆ ಬೀಗ, ಬೀಗದ ಕೈ ಒಬ್ಬರ ಹತ್ತಿರ.

ವಾಲ್ವ್ ತಿರುಗಿಸೋನು

ಇಎಲ್‌ಸಿಬಿ ನಮಗೆ ಹಾಕಿದ್ದರು ಅಣ್ಣ. ಹತ್ತು ನಿಮಿಷಕ್ಕೊಮ್ಮೆ ಬೀಳುತ್ತಿತ್ತು. ಟ್ಯಾಂಕ್ ತುಂಬದೆ ಜನ ಬೈದರು. ಮೂರನೇ ದಿನ ಮೋಟಾರ್ ರಿಪೇರಿಯವನು ಬಂದು ಅದನ್ನು ಬೈಪಾಸ್ ಮಾಡಿ ಹೋದ. ಡಬ್ಬ ಮಾತ್ರ ಗೋಡೆ ಮೇಲಿದೆ, ಚೆನ್ನಾಗಿ ಕಾಣುತ್ತದೆ.

11 ಕೆವಿ

ಪದೇ ಪದೇ ಬೀಳುತ್ತದೆ ಅಂದರೆ ಕೇಬಲ್ ಅಥವಾ ಮೋಟಾರ್ ಎಲ್ಲೋ ಲೀಕ್ ಆಗುತ್ತಿದೆ ಅಂತ ಅರ್ಥ. ಅದು ಬೀಳುತ್ತಿರುವುದೇ ನಿಮ್ಮನ್ನು ಉಳಿಸಲು. ಮೋಟಾರ್ ಎತ್ತಿಸಿ ನೋಡಬೇಕಿತ್ತು.

ವಾಲ್ವ್ ತಿರುಗಿಸೋನು

ಮೋಟಾರ್ ಎತ್ತಿಸಲು ಗಾಡಿ, ಕೂಲಿ ಎಲ್ಲಾ ಸೇರಿ ಎಷ್ಟಾಗುತ್ತದೆ ಅಂತ ನಿಮಗೂ ಗೊತ್ತು. ಬೈಪಾಸ್‌ಗೆ ಎರಡು ಅಡಿ ವೈರ್ ಸಾಕು.

ನಿವೃತ್ತ ಎಇಇ

ಈ ಎರಡು ಅಡಿ ವೈರ್ ಹಾಕಿಸಿದ್ದು ಯಾರು ಅಂತ ನಾಳೆ ಕೋರ್ಟ್ ಕೇಳುತ್ತದೆ. ಆಗ ರಿಪೇರಿಯವನು ನೀರಗಂಟಿ ಹೇಳಿದ ಅಂತಾನೆ, ನೀರಗಂಟಿ ಸದಸ್ಯರು ಅಂತಾನೆ, ಸದಸ್ಯರು ನಾನು ನೀರು ಬಿಡು ಅಂದೆ ಅಷ್ಟೇ ಅಂತಾರೆ. ಹಣ ಇಲ್ಲ ಅಂತ ಕೈ ಎತ್ತುವ ಹಾಗೂ ಇಲ್ಲ. ರತ್ಲಾಮ್ ಪುರಸಭೆ 1980ರಲ್ಲೇ ಆ ಮಾತು ಹೇಳಿ ನೋಡಿತು, ಮಧ್ಯಪ್ರದೇಶದ ಚರಂಡಿ ಕೇಸು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠ ಬಿಡಲಿಲ್ಲ.

ಬಯಲುಸೀಮೆ

ಪಿಡಿಒ ಸರ್, ಮೊದಲು ನಿಮಗೆ ಬೈದಿದ್ದೆ. ಈಗ ಅನ್ನಿಸುತ್ತಿದೆ, ನೀರು ಎರಡು ದಿನ ಬರದಿದ್ದರೆ ಖಾಲಿ ಕೊಡ ಹಿಡಿದು ಪಂಚಾಯತಿ ಮುಂದೆ ಕೂರುವವರಲ್ಲಿ ನಾನೂ ಒಬ್ಬ. ಮೋಟಾರ್ ಎತ್ತಿಸುತ್ತಿದ್ದೇವೆ, ಎರಡು ದಿನ ನೀರಿಲ್ಲ ಅಂತ ಬೋರ್ಡ್ ಹಾಕಿದರೆ ನಾನು ಕೂರುವುದಿಲ್ಲ. ನಮ್ಮ ಚಿಕ್ಕಪ್ಪನ ಬಗ್ಗೆ ಗ್ಯಾರಂಟಿ ಕೊಡಲಾರೆ.

ಹಳೇ ಕಡತ

ತಕ್ಷಣಕ್ಕೆ ಒಂದು ಸಣ್ಣ ಕೆಲಸ: ಎಲ್ಲಾ ಸಿಬ್ಬಂದಿಗೂ ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ 2 ಲಕ್ಷ. ಮೇ ಕೊನೆಯಲ್ಲಿ ಖಾತೆಯಲ್ಲಿ ದುಡ್ಡು ಇಲ್ಲದಿದ್ದರೆ ಬಿದ್ದುಹೋಗುತ್ತದೆ, ಅದನ್ನು ನೋಡಿಕೊಳ್ಳಿ.

ಕರಿಕೋಟು

ಮಾಡಿಸಿ, ಒಳ್ಳೆಯದು. ಆದರೆ ಅದು ಪಂಚಾಯತಿಯ ಹೊಣೆಗೆ ಬದಲಿ ಅಲ್ಲ. ಆ 2 ಲಕ್ಷ ಬಂದರೂ ಪಂಚಾಯತಿ ಕೊಡಬೇಕಾದದ್ದು ಕೊಡಲೇಬೇಕು. ಹಳೆಯ ಕಾಯ್ದೆಯ ಲೆಕ್ಕದಲ್ಲಿ 40 ವರ್ಷದ ನೀರಗಂಟಿ ಸತ್ತರೆ 15,000ದ ಅರ್ಧ 7,500 ಗುಣಿಸು ವಯಸ್ಸಿನ ಅಂಶ 184.17, ಅಂದರೆ 13,81,275. ಇದಕ್ಕೆ ಪಂಚಾಯತಿ ಹೆಸರಿನಲ್ಲೇ ಪರಿಹಾರ ಪಾಲಿಸಿ ಬೇಕು. ತಡ ಮಾಡಿ ಬಿದ್ದ ದಂಡವನ್ನು ವಿಮೆಯವರು ಕೊಡುವುದಿಲ್ಲ ಅನ್ನುವುದೂ ತಲೆಯಲ್ಲಿರಲಿ.

ಪಿಡಿಒ ಸರ್, ನಿಮ್ಮ ಕೇಸಿಗೆ: ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿ, ಲೆಕ್ಕದ ಹಾಳೆ ಲಗತ್ತಿಸಿ, ಕಾಯ್ದೆಯ ಉಲ್ಲೇಖ ಬರೆದು, ಒಪ್ಪಂದವನ್ನು ಉದ್ಯೋಗಿಗಳ ಪರಿಹಾರ ಆಯುಕ್ತರ ಹತ್ತಿರ ನೋಂದಣಿ ಮಾಡಿಸಿ. ಆಡಿಟ್‌ನವರಿಗೆ ಅದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ. ಸಾವಿನ ಕೇಸಾಗಿದ್ದರೆ ಹಣವನ್ನು ಆಯುಕ್ತರಲ್ಲೇ ಠೇವಣಿ ಇಡಬೇಕು. ಮನೆಗೆ ಹೋಗಿ ಲಕೋಟೆ ಕೊಟ್ಟು ಫೋಟೋ ತೆಗೆಸಿಕೊಂಡರೆ ಅದು ಪರಿಹಾರ ಅಂತ ಲೆಕ್ಕಕ್ಕೆ ಬರುವುದಿಲ್ಲ.

ಪಿಡಿಒ ಕಷ್ಟಸುಖ

ಎಲ್ಲರಿಗೂ ಒಂದು ಸುದ್ದಿ. ಮೂರು ವಾರ ಆಯಿತು ನಾನು ಈ ಕಡೆ ಬಂದು.

ಸಭೆ ಆಯಿತು. ಎರಡೂವರೆ ಗಂಟೆ ಜಗಳ. ಕುಡಿದಿದ್ದ ಅಂದ ಸದಸ್ಯರ ಮುಂದೆ ಕೇಸ್ ಶೀಟ್ ಇಟ್ಟೆ, ಜೊತೆಗೆ ಬಡ್ಡಿಯ ಲೆಕ್ಕವನ್ನೂ. ಬೆರಳು ಅವರ ಮನಸ್ಸು ಕರಗಿಸಲಿಲ್ಲ, ಶೇ 12 ಕರಗಿಸಿತು. ಠರಾವು ಪಾಸಾಯಿತು. ಆಸ್ಪತ್ರೆ ಬಿಲ್ ಮೊದಲ ಕಂತು, ಉಳಿದದ್ದು ತೆರಿಗೆ ವಸೂಲಾದ ಮೇಲೆ ಅಂತ ಬರೆದಿದ್ದಾರೆ. ವಕೀಲರು ಬೈಯುತ್ತೀರಿ ಅಂತ ಗೊತ್ತು.

ಒಂಬತ್ತು ಪಂಪ್‌ಹೌಸ್‌ನಲ್ಲಿ ನಾಲ್ಕಕ್ಕೆ ಅರ್ಥಿಂಗ್ ಹೊಸದಾಗಿ ಆಗಿದೆ. ಚಾವಣಿಗೆ ಸದ್ಯಕ್ಕೆ ತಗಡು. ಗೋಡೆ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ್ದೇನೆ: "ಟಿಸಿ ಹತ್ತಬಾರದು. ಒದ್ದೆ ಇದ್ದರೆ ಮೋಟಾರ್ ಹಾಕಬಾರದು. ಹಾಕು ಅಂದವರ ಹೆಸರು ಪುಸ್ತಕದಲ್ಲಿ ಬರೆಯಿರಿ." ಕೊನೇ ಸಾಲು ಸದಸ್ಯರಿಗೆ ಇಷ್ಟವಾಗಿಲ್ಲ. ಆದರೆ ಬೆಳಗ್ಗೆ ಫೋನ್ ಕಡಿಮೆ ಆಗಿದೆ ಅಂತ ನೀರಗಂಟಿಗಳು ಹೇಳುತ್ತಾರೆ.

ಏಟಾದ ನೀರಗಂಟಿ ವಾಪಸ್ ಕೆಲಸಕ್ಕೆ ಬಂದಿದ್ದಾರೆ. ರಬ್ಬರ್ ಗ್ಲೌಸ್ ಕೊಡಿಸಿದೆ. ಹಾಕಿಕೊಳ್ಳುತ್ತಿಲ್ಲ. ಕೇಳಿದರೆ, ಎರಡು ಬೆರಳು ಖಾಲಿ ಜೋತಾಡುತ್ತದೆ, ಸ್ವಿಚ್ಚಿಗೆ ಸಿಕ್ಕಿಕೊಳ್ಳುತ್ತದೆ ಅಂದರು. ದರ್ಜಿಯ ಹತ್ತಿರ ಕತ್ತರಿಸಿ ಹೊಲಿಸಲೇ ಅಂತ ಯೋಚಿಸುತ್ತಿದ್ದೇನೆ.

11 ಕೆವಿ

ಬೇಡ ಸರ್, ಕತ್ತರಿಸಬೇಡಿ! ಸೂಜಿ ಚುಚ್ಚಿದ ಗ್ಲೌಸ್ ಹಾಕಿದರೂ ಒಂದೇ ಬಿಟ್ಟರೂ ಒಂದೇ, ಕರೆಂಟ್ ಆ ತೂತಿನಿಂದಲೇ ಬರುತ್ತದೆ. ಒಳಗೆ ಹತ್ತಿ ಗ್ಲೌಸ್ ಹಾಕಿಸಿ, ಅದರ ಆ ಎರಡು ಬೆರಳಿಗೆ ಒಣ ಬಟ್ಟೆ ತುಂಬಿ ಹೊಲಿಸಿ. ಆಮೇಲೆ ಮೇಲೆ ರಬ್ಬರ್. ಆಗ ಜೋತಾಡುವುದಿಲ್ಲ.

ವಾಲ್ವ್ ತಿರುಗಿಸೋನು

ಆ ಗ್ಲೌಸ್ ಎಲ್ಲಿ ಸಿಗುತ್ತದೆ ಸರ್? ನಮ್ಮ ಪಿಡಿಒ ಅವರಿಗೂ ಈ ಚರ್ಚೆ ತೋರಿಸಬೇಕು.